ಮೊರದ ತುಂಬ ಕಾಳು, ಪುಟದ ತುಂಬ ಅರ್ಕಾವತ್ತು

ಕಳೆದ ವರ್ಷ ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಒಂದು ಜಾಹೀರಾತು ಬಂತು. ಬೆಂಗಳೂರಿನ ಯಾವುದೋ ಥೆರಪಿ ಸೆಂಟರ್‌ನದು. ಬಣ್ಣಬಣ್ಣದ ಮೆದುಳಿನ ಚಿತ್ರ, ಪಕ್ಕದಲ್ಲಿ ನಗುವ ಮಗು. ಹಗ್ಗದ ಮೇಲೆ ನಡೆಯುವುದು, ಅಂಬೆಗಾಲಿಡುವುದು, ಗಿರಕಿ ಹೊಡೆಯುವುದು, ಹೆಡ್‌ಫೋನ್ ಹಾಕಿಕೊಂಡು ಅವರೇ ಕೊಡುವ ಸಂಗೀತ ಕೇಳುವುದು. ಇಷ್ಟು ಮಾಡಿದರೆ ಮೆದುಳಿನೊಳಗೆ ಹೊಸ ಸಂಪರ್ಕಗಳು ಬೆಳೆಯುತ್ತವೆ ಎಂದು ಬರೆದಿತ್ತು. ಕಳಿಸಿದ ಮಾವ ಒಳ್ಳೆಯವರೇ. ಕೆಳಗೆ ಇಬ್ಬರ ಹೆಸರು ಹಾಕಿ 'ಇಬ್ಬರೂ ಒಮ್ಮೆ ವಿಚಾರಿಸಿ ನೋಡಿ' ಎಂದಿದ್ದರು. ಒಬ್ಬರು ತಿಪಟೂರಿನ ನನ್ನ ಚಿಕ್ಕಮ್ಮ. ಅವರ ಗಂಡ, ಅಂದರೆ ನನ್ನ ಚಿಕ್ಕಪ್ಪ, ಬೈಕಿನಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡವರು. ಇನ್ನೊಬ್ಬಳು ನನ್ನ ಅಕ್ಕ. ಅವಳ ಮಗಳಿಗೆ ಓದುವುದು ಕಷ್ಟ. ಪರೀಕ್ಷೆ ಮಾಡಿದವರು ಡಿಸ್ಲೆಕ್ಸಿಯಾ ಎಂದು ಹೇಳಿದ್ದಾರೆ.

ಆ ಜಾಹೀರಾತು ನನ್ನ ತಲೆಯಲ್ಲಿ ಸುಮಾರು ದಿನ ಕೂತಿತ್ತು. ಐವತ್ತು ದಾಟಿದ ಕೊಬ್ಬರಿ ವ್ಯಾಪಾರಿ ಒಬ್ಬರು, ನಾಲ್ಕನೇ ಕ್ಲಾಸಿನ ಹುಡುಗಿ ಒಬ್ಬಳು. ಅವರದು ಇದ್ದದ್ದನ್ನು ಕಳೆದುಕೊಂಡ ಮೆದುಳು. ಇವಳದಕ್ಕೆ ಪೆಟ್ಟೇ ಬಿದ್ದಿಲ್ಲ, ಅಕ್ಷರದ ವಿಷಯಕ್ಕೆ ಬಂದರೆ ಮಾತ್ರ ಬೇರೆ ಥರ ಕೆಲಸ ಮಾಡುತ್ತದೆ. ಇಬ್ಬರಿಗೂ ಅದೇ ಹಗ್ಗ, ಅದೇ ಗಿರಕಿ, ಅದೇ ಫೀಸು. ಇದು ಹೇಗೆ ಸಾಧ್ಯ? ಹಾಗಂತ ನಕ್ಕು ತಳ್ಳಿಹಾಕಲೂ ಆಗಲಿಲ್ಲ. ಯಾಕೆಂದರೆ ಈ ಎರಡು ಮನೆಗಳಲ್ಲಿ ನಾನು ಕಂಡ ನಿಜವಾದ ಥೆರಪಿಯೂ ನೋಡಲು ಅಂಥ ದೊಡ್ಡ ವಿಜ್ಞಾನದ ಹಾಗೇನೂ ಇರಲಿಲ್ಲ. ಒಂದು ಕಡೆ ಮೊರದಲ್ಲಿ ಕಾಳು ಬೇರೆ ಮಾಡುತ್ತಿದ್ದರು. ಇನ್ನೊಂದು ಕಡೆ ತಟ್ಟೆಯಲ್ಲಿ ಮರಳು ಹರಡಿ ಅಕ್ಷರ ತಿದ್ದಿಸುತ್ತಿದ್ದರು. ಕಾಳು ಆರಿಸುವುದನ್ನು ನಂಬುವ ನಾನು ಹಗ್ಗದ ಮೇಲಿನ ನಡಿಗೆಯನ್ನು ಯಾಕೆ ನಂಬುವುದಿಲ್ಲ? ಮಾವನಿಗೆ ಉತ್ತರ ಕೊಡುವ ಮೊದಲು ನನಗೇ ಇದು ಸ್ಪಷ್ಟವಾಗಬೇಕಿತ್ತು.

ಹೆಸರು, ಹುರುಳಿ, ಅಲಸಂದೆ

ಚಿಕ್ಕಪ್ಪ ಬಿದ್ದದ್ದು ಒಂದು ಸಂಜೆ, ಊರಿಗೆ ಹತ್ತಿರದಲ್ಲೇ. ಹೆಲ್ಮೆಟ್ ಇತ್ತು, ಬೈಕಿನ ಕನ್ನಡಿಗೆ ನೇತು ಹಾಕಿದ್ದರು. (ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅಂಥವರನ್ನು ನೀವೂ ದಿನಾ ನೋಡುತ್ತೀರಿ.) ಐಸಿಯು ಹೊರಗೆ ಕೂತ ದಿನಗಳಲ್ಲಿ ನಮ್ಮೆಲ್ಲರ ಬಾಯಲ್ಲಿ ಇದ್ದದ್ದು ಒಂದೇ ನಂಬರು, ಗ್ಲಾಸ್ಗೋ ಸ್ಕೋರ್. ರೋಗಿಗೆ ಎಷ್ಟು ಪ್ರಜ್ಞೆ ಇದೆ ಎಂದು ತಿಳಿಯಲು 1974ರಲ್ಲಿ ಗ್ಲಾಸ್ಗೋ ನಗರದ ಇಬ್ಬರು ವೈದ್ಯರು ಮಾಡಿದ ಅಳತೆ ಅದು. 3ರಿಂದ 15ರವರೆಗೆ ಹೋಗುತ್ತದೆ. 15 ಬಂದ ದಿನ ಮನೆಯಲ್ಲಿ ಪಾಯಸ ಮಾಡಿದರು. ಆದರೆ ಆ 15 ಹೇಳುವುದು ಇಷ್ಟೇ: ಕಣ್ಣು ತಾವಾಗೇ ಬಿಡುತ್ತಾರೆ, ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡುತ್ತಾರೆ, ಹೇಳಿದ ಹಾಗೆ ಕೈಕಾಲು ಆಡಿಸುತ್ತಾರೆ. ಕೊಬ್ಬರಿ ಮಂಡಿ ನಡೆಸುತ್ತಾರಾ, ಸಿಟ್ಟು ತಡೆದುಕೊಳ್ಳುತ್ತಾರಾ, ಬೆಳಿಗ್ಗೆ ಏನು ತಿಂದೆ ಅಂತ ಮಧ್ಯಾಹ್ನ ನೆನಪಿರುತ್ತದಾ, ಇದ್ಯಾವುದೂ ಅದರಲ್ಲಿ ಬರುವುದಿಲ್ಲ.

ಅದೆಲ್ಲ ಗೊತ್ತಾದದ್ದು ಮನೆಗೆ ಬಂದ ಮೇಲೆ. ಬ್ರಷ್‌ಗೆ ಪೇಸ್ಟ್ ಹಾಕಿಕೊಂಡು ನಿಂತವರು ನಿಂತೇ ಇರುತ್ತಿದ್ದರು. 'ಉಜ್ಜಿ ರೀ' ಎಂದರೆ ಉಜ್ಜುತ್ತಿದ್ದರು. ಆಮೇಲೆ 'ಸಾಕು ರೀ' ಎನ್ನುವವರೆಗೆ ಉಜ್ಜುತ್ತಲೇ ಇರುತ್ತಿದ್ದರು. ಹಣೆಯ ಹಿಂದಿನ ಮೆದುಳಿಗೆ ಪೆಟ್ಟಾದರೆ ಹೀಗಾಗುತ್ತದೆ. ಕೆಲಸ ಗೊತ್ತಿರುತ್ತದೆ, ಶುರು ಮಾಡುವುದಕ್ಕೂ ನಿಲ್ಲಿಸುವುದಕ್ಕೂ ಬರುವುದಿಲ್ಲ. ನೋಡಲು ಬಂದವರು ಹಣ್ಣು ಕೊಟ್ಟು, ಕಾಫಿ ಕುಡಿದು, ಬಾಗಿಲಲ್ಲಿ ಚಿಕ್ಕಮ್ಮನಿಗೆ ಮೆಲ್ಲಗೆ 'ಸ್ವಲ್ಪ ಸೋಮಾರಿ ಆಗಿಬಿಟ್ಟಿದ್ದಾರೆ, ಹೊರಗೆ ಓಡಾಡಿಸಿ' ಎಂದು ಹೇಳಿ ಹೋಗುತ್ತಿದ್ದರು. ಚಿಕ್ಕಪ್ಪನನ್ನು ಕೇಳಿದರೆ ತನಗೇನೂ ಆಗಿಲ್ಲ ಎನ್ನುತ್ತಿದ್ದರು. ಅದು ಧೈರ್ಯದ ಮಾತಲ್ಲ, ಅದೂ ಪೆಟ್ಟಿನದೇ ಒಂದು ಭಾಗ. ತನ್ನ ತೊಂದರೆಯನ್ನು ತಾನೇ ಗಮನಿಸುವ ಶಕ್ತಿಗೂ ಅಲ್ಲೇ ಏಟು ಬಿದ್ದಿರುತ್ತದೆ.

ತಲೆಗೆ ಪೆಟ್ಟಾದವರ ಗಮನ ತಿದ್ದಲು ನಿಮ್ಹಾನ್ಸ್‌ನ ಮನೋವಿಜ್ಞಾನಿಗಳು ಬಹಳ ವರ್ಷಗಳಿಂದ ಬಳಸುವ ಅಭ್ಯಾಸಗಳಲ್ಲಿ ಒಂದು ಕಾಳು ಬೇರ್ಪಡಿಸುವುದು. ಇನ್ನೊಂದು, ಪುಟದ ತುಂಬ ಅಚ್ಚು ಹಾಕಿದ ಅಕ್ಷರಗಳಲ್ಲಿ ಹೇಳಿದ ಅಕ್ಷರವನ್ನು ಮಾತ್ರ ಹುಡುಕಿ ಹೊಡೆದು ಹಾಕುವುದು. ಇದರ ಜಾಣತನ ನನಗೆ ಆಮೇಲೆ ಅರ್ಥವಾಯಿತು. ಕಂಪ್ಯೂಟರ್ ಬೇಡ, ಇಂಗ್ಲಿಷ್ ಬೇಡ. ರೋಗಿಯನ್ನು ಊರಿಗೆ ಕಳಿಸಿದರೂ ಮನೆಯವರೇ ಮಾಡಿಸಬಹುದು. ಮೊದಲು ಎರಡು ಬಗೆಯ ಕಾಳು, ಅದು ಸಲೀಸಾದರೆ ಮೂರು, ಆಮೇಲೆ ನೋಡಲು ಒಂದೇ ಥರ ಇರುವಂಥವು. ಎಷ್ಟು ಹೊತ್ತು ಹಿಡಿಯಿತು, ಎಷ್ಟು ತಪ್ಪಾಯಿತು ಎಂದು ಬರೆದಿಡಬೇಕು, ಅಷ್ಟೇ.

ಕೇಳಲು ಸುಲಭ. ಮೊದಲ ದಿನ ಚಿಕ್ಕಮ್ಮ ಮೊರದಲ್ಲಿ ಹೆಸರುಕಾಳು, ಹುರುಳಿ ಬೆರೆಸಿ ಮುಂದೆ ಇಟ್ಟರು. ಚಿಕ್ಕಪ್ಪ ಸ್ವಲ್ಪ ಹೊತ್ತು ನೋಡಿದರು. 'ಇದನ್ನ ಬೆರೆಸಿದೋರು ಯಾರು?' ಎಂದು ಕೇಳಿದರು. 'ನಾನೇ' ಎಂದರು ಚಿಕ್ಕಮ್ಮ. 'ಹಾಗಿದ್ರೆ ನೀನೇ ಆರಿಸು' ಎಂದು ಮೊರ ಮಗುಚಿ ಎದ್ದು ಹೋದರು. ಅವತ್ತು ಕಾಳು ಆರಿಸಿದ್ದು ನಾನು ಮತ್ತು ಚಿಕ್ಕಮ್ಮ, ನೆಲದ ಮೇಲೆ ಕೂತು, ನಕ್ಕುಕೊಂಡು. ನಗು ಬಂದದ್ದು ಯಾಕೆಂದರೆ ಅದು ಅಪಘಾತಕ್ಕೆ ಮುಂಚಿನ ಚಿಕ್ಕಪ್ಪ ಆಡುವಂಥದ್ದೇ ಮಾತು. ಆಮೇಲೆ ಮೆಲ್ಲಗೆ ಕೂರಲು ಶುರು ಮಾಡಿದರು. ಕೆಲವು ವಾರ ಕಳೆದ ಮೇಲೆ ಅಲಸಂದೆಯೂ ಸೇರಿತು. ಎದ್ದು ಹೋಗದೆ ಕೂರುವ ಹೊತ್ತು ಜಾಸ್ತಿಯಾಯಿತು, ತಪ್ಪು ಕಡಿಮೆಯಾಯಿತು.

ಆದರೆ ಇಲ್ಲೇ ಒಂದು ತೊಡಕು. ತಲೆಗೆ ಪೆಟ್ಟಾದ ಮೊದಲ ತಿಂಗಳುಗಳಲ್ಲಿ ಮೆದುಳು ತಾನಾಗಿಯೇ ಎಷ್ಟೋ ಚೇತರಿಸಿಕೊಳ್ಳುತ್ತದೆ. ಊತ ಇಳಿಯುತ್ತದೆ, ಸುಮ್ಮನಾಗಿದ್ದ ಭಾಗಗಳು ಮತ್ತೆ ಕೆಲಸ ಶುರು ಮಾಡುತ್ತವೆ. ಆ ಹೊತ್ತಿನಲ್ಲಿ ಏನು ಮಾಡಿದರೂ ಅದಕ್ಕೆ ಒಳ್ಳೆಯ ಹೆಸರು ಬರುತ್ತದೆ. ನಮ್ಮಲ್ಲಿ ಎಡೆಯೂರು ಸಿದ್ಧಲಿಂಗೇಶ್ವರನಿಗೆ ಹರಕೆ ಹೊತ್ತವರು ಒಬ್ಬರು, ಯಾವುದೋ ಎಣ್ಣೆ ತಂದು ತಿಕ್ಕಿದವರು ಒಬ್ಬರು, ಕಾಳು ಆರಿಸಿದವರು ನಾವು. ಮೂರೂ ಕಡೆಯವರು ಗೆದ್ದೆವು! ಮುಂದಿನ ಸಲ ತೋರಿಸಲು ಹೋದಾಗ ಥೆರಪಿ ಮಾಡುವ ಹುಡುಗಿ ನಮ್ಮ ಲೆಕ್ಕದ ಹಾಳೆ ನೋಡಿ ಖುಷಿಪಟ್ಟಳು. ಚಿಕ್ಕಮ್ಮ ಮಾತ್ರ ಖುಷಿಯಾಗಿರಲಿಲ್ಲ. 'ಕಾಳೇನೋ ಆರಿಸ್ತಾರೆ ಕಣಮ್ಮ. ಅಂಗಡಿ ಬಾಗಿಲು ತೆಗೆದ್ರೆ ಏನು ಮಾಡಬೇಕು ಅಂತಾನೇ ಗೊತ್ತಾಗಲ್ಲ' ಎಂದರು. ಆ ಹುಡುಗಿ ಪೆನ್ನು ಕೆಳಗಿಟ್ಟು, 'ಮುಂಚೆ ಅವರು ಏನು ಕೆಲಸ ಮಾಡ್ತಿದ್ರು, ಒಂದೊಂದೇ ಹೇಳಿ' ಎಂದಳು. ನನಗೆ ಈ ವಿಷಯದಲ್ಲಿ ಏನಾದರೂ ಅರ್ಥವಾಗಿದ್ದರೆ ಅದು ಶುರುವಾದದ್ದು ಆ ಪ್ರಶ್ನೆಯಿಂದ.

ಮುಂದಿನ ಸಲ ನಾನು ಊರಿಗೆ ಹೋದಾಗ ಮೊರ ಇರಲಿಲ್ಲ. ಹಿತ್ತಲಲ್ಲಿ ಗೋಣಿಚೀಲ ಹಾಸಿ ಚಿಕ್ಕಪ್ಪ ಕೂತಿದ್ದರು. ಅಟ್ಟದಿಂದ ಇಳಿಸಿದ ಕಾಯಿಗಳ ರಾಶಿ ಒಂದು ಕಡೆ, ಒಡೆದು ತೆಗೆದ ಉಂಡೆ ಕೊಬ್ಬರಿ ಇನ್ನೊಂದು ಕಡೆ. ತಿಪಟೂರು ಕಡೆಯವರಿಗೆ ಹೇಳಬೇಕಿಲ್ಲ. ಬಲಿತ ಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗಲು ಬಿಟ್ಟರೆ ಒಳಗಿನ ತಿರುಳು ಚಿಪ್ಪಿನಿಂದ ಬಿಟ್ಟುಕೊಳ್ಳುತ್ತದೆ, ಅಲ್ಲಾಡಿಸಿದರೆ ಲೊಟಲೊಟ ಅನ್ನುತ್ತದೆ. ಚಿಕ್ಕಪ್ಪ ಒಂದೊಂದೇ ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದರು. 'ಇದಾಗಿದೆ. ಇದಾಗಿದೆ. ಇದಿನ್ನೂ ಹಸಿ, ಮೇಲಕ್ಕೆ ಹಾಕು.' ಉಂಡೆ ಕೊಬ್ಬರಿ ಎತ್ತಿ ಹೆಬ್ಬೆರಳಿನಿಂದ ಒತ್ತಿ, ಮೂಸಿ, ಕೌಟು ಬಂದದ್ದನ್ನು ಪಕ್ಕಕ್ಕೆ ಎಸೆಯುತ್ತಿದ್ದರು. ನಾನು ಬೇಕೆಂದೇ ಒಂದು ಕೆಟ್ಟದ್ದನ್ನು ಒಳ್ಳೆಯದರ ಗುಡ್ಡೆಗೆ ಸೇರಿಸಿದೆ. ತಲೆ ಎತ್ತದೆ ಅದನ್ನು ತೆಗೆದು ನನ್ನ ತೊಡೆಯ ಮೇಲೆ ಹಾಕಿದರು. ಅವತ್ತು ಬೆಳಿಗ್ಗೆ ತಿಂದ ಉಪ್ಪಿಟ್ಟು ನೆನಪಿಲ್ಲದ ಮನುಷ್ಯ ಇವರೇ. 'ಸರಿ ಚಿಕ್ಕಪ್ಪ, ಇದನ್ನ ತೂಕ ಹಾಕಿ ಪುಸ್ತಕದಲ್ಲಿ ಬರೀರಿ' ಎಂದೆ. ಎದ್ದು ತಕ್ಕಡಿ ತನಕ ಹೋದರು. ಅಲ್ಲಿ ಬ್ರಷ್ ಹಿಡಿದು ನಿಂತ ಹಾಗೆ ನಿಂತುಬಿಟ್ಟರು.

ಉಳಿದದ್ದು, ಹೋದದ್ದು ಎರಡೂ ಒಂದೇ ನಿಮಿಷದಲ್ಲಿ ಕಂಡಿತು. ಕೈಗೆ ಕೂತ ಕೆಲಸ ಮೆದುಳಿನ ಒಂದು ಕಡೆ ಇರುತ್ತದೆ. ಯಾವುದಾದ ಮೇಲೆ ಯಾವುದು ಎಂದು ಹೊಂದಿಸುವುದು ಇನ್ನೊಂದು ಕಡೆ. ಎರಡನೇ ಮಹಾಯುದ್ಧದಲ್ಲಿ ಗಾಯಗೊಂಡ ಸೋವಿಯತ್ ಸೈನಿಕರನ್ನು ನೋಡಿಕೊಂಡ ಅಲೆಕ್ಸಾಂಡರ್ ಲೂರಿಯಾ ಇದನ್ನು ಚೆನ್ನಾಗಿ ಗುರುತಿಸಿದ್ದರು. ಅವರ ರೋಗಿ ಝಸೆಟ್ಸ್ಕಿ ಎಂಬಾತನಿಗೆ 1943ರಲ್ಲಿ ತಲೆಗೆ ಗುಂಡಿನೇಟು ಬಿತ್ತು. ಅಕ್ಷರಗಳ ಆಕಾರ ಮರೆತೇ ಹೋಯಿತು. ಒಂದೊಂದೇ ಅಕ್ಷರ ನೆನಪಿಸಿಕೊಂಡು ಬರೆಯಲು ಆಗುತ್ತಿರಲಿಲ್ಲ. ಆದರೆ ಯೋಚಿಸದೆ, ಕೈ ಎತ್ತದೆ, ಇಡೀ ಪದವನ್ನು ಒಮ್ಮೆಗೇ ಗೀಚಿದರೆ ಪದ ಬರುತ್ತಿತ್ತು. ಬರೆದದ್ದನ್ನು ಓದುವುದು ಅವನಿಗೇ ದೊಡ್ಡ ಕಷ್ಟ. ಹೀಗೇ ಸುಮಾರು 25 ವರ್ಷ ಕೂತು ತನ್ನ ಕಥೆಯನ್ನು ಸುಮಾರು 3000 ಪುಟ ಬರೆದ. ಹಾಳಾದ ದಾರಿಯನ್ನು ರಿಪೇರಿ ಮಾಡಲು ಆಗದಿದ್ದರೆ ಉಳಿದ ದಾರಿಯಿಂದ ಅದೇ ಊರು ಸೇರಬಹುದು ಎಂಬುದು ಲೂರಿಯಾ ಅವರ ಲೆಕ್ಕ. ನಮ್ಮ ಥೆರಪಿ ಹುಡುಗಿಯೂ ಅದನ್ನೇ ಮಾಡಿದಳು. ತಕ್ಕಡಿಯ ಮೇಲಿನ ಗೋಡೆಗೆ ದೊಡ್ಡ ಅಕ್ಷರದಲ್ಲಿ ಒಂದು ಹಾಳೆ ಅಂಟಿಸಲು ಹೇಳಿದಳು: ಚೀಲ ಇಡು, ಮುಳ್ಳು ನೋಡು, ಪುಸ್ತಕ ತೆಗೆ, ಬರೆ, ಚೀಲ ಇಳಿಸು. ಗೋಡೆ ಹೇಳಿತು, ಚಿಕ್ಕಪ್ಪ ಮಾಡಿದರು.

'ನಾನ್ಯಾರು ಹೇಳಿ ನೋಡೋಣ'

ತಲೆಗೆ ಪೆಟ್ಟಾದವರ ಮನೆಗೆ ಹೋದರೆ ನಾವೆಲ್ಲರೂ ಮಾಡುವ ಒಂದು ಕೆಲಸ ಇದೆ. ಮಂಚದ ಪಕ್ಕ ಕೂತು 'ನಾನ್ಯಾರು ಗೊತ್ತಾಯ್ತಾ? ಹೇಳಿ ನೋಡೋಣ' ಎಂದು ಪರೀಕ್ಷೆ ಮಾಡುವುದು. ಪಾಪ, ಅವರು ಏನೋ ಒಂದು ಹೆಸರು ಹೇಳುತ್ತಾರೆ. 'ಅಲ್ಲ, ಅಲ್ಲ, ಇನ್ನೊಂದು ಸಲ ಯೋಚನೆ ಮಾಡಿ!' ನೆನಪು ಚುರುಕಾಗಲಿ ಎಂಬ ಆಸೆಯಿಂದಲೇ ಮಾಡುವುದು, ಇಲ್ಲ ಅನ್ನುವುದಿಲ್ಲ. ಆದರೆ 1994ರಲ್ಲಿ ಇಂಗ್ಲೆಂಡಿನ ಮನೋವಿಜ್ಞಾನಿಗಳಾದ ಬಾರ್ಬರಾ ವಿಲ್ಸನ್ ಮತ್ತು ಅಲನ್ ಬ್ಯಾಡ್ಲಿ ತೋರಿಸಿದ್ದು ಇದಕ್ಕೆ ಉಲ್ಟಾ. ನೆನಪು ತೀರಾ ಕೆಟ್ಟವರು ಊಹೆ ಮಾಡಿ ತಪ್ಪು ಹೇಳುವುದಕ್ಕಿಂತ, ತಪ್ಪಿಗೆ ಅವಕಾಶವೇ ಕೊಡದೆ ಸರಿಯಾದದ್ದನ್ನು ಹೇಳಿಕೊಟ್ಟರೆ ಚೆನ್ನಾಗಿ ಕಲಿಯುತ್ತಾರೆ. ಕಾರಣ ಕೇಳಿದರೆ ಹೌದಲ್ವಾ ಅನಿಸುತ್ತದೆ. ನಾವು ತಪ್ಪು ಹೇಳಿದರೆ ಅದು ತಪ್ಪೆಂದು ನೆನಪಿಟ್ಟುಕೊಂಡು ತಿದ್ದಿಕೊಳ್ಳುತ್ತೇವೆ. ಅವರಿಗೆ ಆ ನೆನಪೇ ಉಳಿಯುವುದಿಲ್ಲ. ಬಾಯಿಗೆ ಬಂದ ತಪ್ಪು ಹೆಸರು ಮಾತ್ರ ಗಟ್ಟಿಯಾಗುತ್ತದೆ. ಚಿಕ್ಕಪ್ಪ ನಮ್ಮ ಸೋದರಮಾವನನ್ನು ತುಂಬಾ ದಿನ ಬೇರೆ ಯಾರದೋ ಹೆಸರಿನಿಂದ ಕರೆದರು. ಅದನ್ನು ಕಲಿಸಿದವರು ಸ್ವತಃ ಮಾವನೇ, ದಿನಾ ಪರೀಕ್ಷೆ ಮಾಡಿ ಮಾಡಿ. ಈಗ ಮನೆಗೆ ಬಂದವರು ಬಾಗಿಲಲ್ಲೇ ಹೆಸರು ಹೇಳಿಕೊಂಡು ಒಳಗೆ ಬರಬೇಕು ಎಂದು ಚಿಕ್ಕಮ್ಮ ಕಾನೂನು ಮಾಡಿದ್ದಾರೆ.

ವಿಲ್ಸನ್ ಅವರ ಇನ್ನೊಂದು ಕೆಲಸವೂ ನನಗಿಷ್ಟ. ಮರೆವಿನ ರೋಗಿಗಳ ನೆನಪನ್ನು ಬೆಳೆಸಲು ಒದ್ದಾಡುವ ಬದಲು ಅವರ ಸೊಂಟಕ್ಕೆ ಒಂದು ಪೇಜರ್ ಕಟ್ಟಿ, 'ಮಾತ್ರೆ ತೆಗೆದುಕೋ', 'ಊಟ ಮಾಡು' ಎಂದು ಹೊತ್ತು ಹೊತ್ತಿಗೆ ಸಂದೇಶ ಕಳಿಸಿದರು. 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 143 ಜನ ಇದ್ದರು. ಹೆಚ್ಚಿನವರು ತಮ್ಮ ದಿನದ ಕೆಲಸಗಳನ್ನು ಮೊದಲಿಗಿಂತ ಎಷ್ಟೋ ಚೆನ್ನಾಗಿ ಮಾಡಿದರು. ಈಗ ಪೇಜರ್ ಎಲ್ಲಿದೆ? ಚಿಕ್ಕಪ್ಪನ ಜೇಬಿನ ಮೊಬೈಲ್‌ನಲ್ಲಿ ಚಿಕ್ಕಮ್ಮನ ದನಿಯ ಅಲಾರಂ ಇದೆ. ನಮ್ಮ ಕೆಲವು ನೆಂಟರಿಗೆ ಇದು ಸೋಲಿನ ಹಾಗೆ ಕಾಣುತ್ತದೆ. 'ಹೀಗೆ ಫೋನ್ ನೆಚ್ಚಿಕೊಂಡ್ರೆ ಮೊದಲಿನ ಹಾಗೆ ಆಗೋದು ಯಾವಾಗ?' ಎನ್ನುತ್ತಾರೆ. ಮಾತ್ರೆ ಹೊತ್ತಿಗೆ ಸರಿಯಾಗಿ ಹೊಟ್ಟೆಗೆ ಹೋಗುತ್ತಿದೆ, ಅದು ನನಗೆ ಸಾಕು.

ಮಾತು ಹೋದವರ ವಿಷಯದಲ್ಲೂ ಇದೇ ಕಾಣುತ್ತದೆ. ಸ್ಟ್ರೋಕ್ ಆದ ಅಜ್ಜ ಒಬ್ಬರು ದೇವರನಾಮವನ್ನು ಪೂರ್ತಿ ಹಾಡುತ್ತಾರೆ, ಆದರೆ ನೀರು ಬೇಕು ಎಂದು ಕೇಳಲು ಆಗುವುದಿಲ್ಲ. ಇಂಥವರನ್ನು ನೀವೂ ನೋಡಿರಬಹುದು. ಬಾಯಿಪಾಠದ ಹಾಡಿನ ದಾರಿ ಬೇರೆ, ಹೊಸದಾಗಿ ಮಾತು ಕಟ್ಟುವ ದಾರಿ ಬೇರೆ. 1970ರ ದಶಕದಲ್ಲಿ ಬಾಸ್ಟನ್‌ನ ವೈದ್ಯರು ಈ ಹಾಡಿನ ದಾರಿಯನ್ನೇ ಹಿಡಿದು ಒಂದು ಚಿಕಿತ್ಸೆ ಮಾಡಿದರು. ಆದರೆ ಅವರು ಹಾಡು ಹೇಳಿಸಿ ಸುಮ್ಮನಾಗಲಿಲ್ಲ. 'ನೀರು ಬೇಕು' ಥರದ ದಿನಬಳಕೆಯ ಮಾತನ್ನೇ ರಾಗಕ್ಕೆ ಕೂರಿಸಿ, ಎಡಗೈಯಲ್ಲಿ ತಾಳ ಹಾಕಿಸಿ, ಆಮೇಲೆ ನಿಧಾನಕ್ಕೆ ರಾಗ ಬಿಡಿಸಿದರು. ನೂರು ದೇವರನಾಮ ಹಾಡಿದರೂ ನೀರು ಕೇಳಲು ಬರುವುದಿಲ್ಲ, ನೀರು ಕೇಳುವುದನ್ನೇ ಹಾಡಬೇಕು. ಯಾವ ಭಾಷೆಯಲ್ಲಿ ಎಂಬುದೂ ನಮಗೆ ದೊಡ್ಡ ಪ್ರಶ್ನೆಯೇ. ಮನೆಯಲ್ಲಿ ತುಳು, ಪೇಟೆಯಲ್ಲಿ ಕನ್ನಡ, ಆಫೀಸಿನಲ್ಲಿ ಇಂಗ್ಲಿಷ್ ಆಡುವ ಮನುಷ್ಯನಿಗೆ ಯಾವ ಭಾಷೆ ಮೊದಲು ವಾಪಸ್ ಬರುತ್ತದೆ? ಮೊದಲು ಕಲಿತದ್ದು ಎಂದರು ಫ್ರಾನ್ಸಿನ ರಿಬೋ. ಹೆಚ್ಚು ಬಳಸಿದ್ದು ಎಂದು 1895ರಲ್ಲಿ ಅದೇ ದೇಶದ ಪಿಟ್ರ್ ಹೇಳಿದರು. ಎರಡಕ್ಕೂ ಒಪ್ಪದ ರೋಗಿಗಳು ಬೇಕಾದಷ್ಟು ಇದ್ದಾರೆ. ನಮ್ಮಲ್ಲಿ ಮೈಸೂರಿನ ವಾಕ್ ಶ್ರವಣ ಸಂಸ್ಥೆಯವರು ಕನ್ನಡದಲ್ಲೇ ಪರೀಕ್ಷೆ, ಕನ್ನಡದಲ್ಲೇ ಅಭ್ಯಾಸ ಎಂದು ಕೆಲಸ ಮಾಡಿದ್ದಾರೆ. ಇದು ಸಣ್ಣ ಮಾತಲ್ಲ. ಆಪಲ್ ಚಿತ್ರ ತೋರಿಸಿ ಇಂಗ್ಲಿಷ್ ಹೆಸರು ಹೇಳಿಸುವ ಕಾರ್ಡುಗಳನ್ನು ರಾಗಿ ಬೆಳೆಯುವ ಅಜ್ಜನ ಮುಂದೆ ಹಿಡಿದದ್ದನ್ನು ನಾನೇ ಕಂಡಿದ್ದೇನೆ.

ಅಂಬೆಗಾಲಿಗೂ ಒಂದು ಇತಿಹಾಸ

ಈಗ ಮಾವನ ಜಾಹೀರಾತಿಗೆ ಬರೋಣ. ಪೆಟ್ಟಾದ ಮೆದುಳಿಗೂ ಓದಲು ಬಾರದ ಮಗುವಿಗೂ ಒಂದೇ ಮದ್ದು ಎಂಬುದು ಹೊಸ ಮಾತಲ್ಲ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಗ್ಲೆನ್ ಡೋಮನ್ ಮತ್ತು ಕಾರ್ಲ್ ಡೆಲಕ್ಯಾಟೊ 1950, 60ರ ದಶಕಗಳಲ್ಲೇ ಇದನ್ನು ದೊಡ್ಡದಾಗಿ ಬೆಳೆಸಿದ್ದರು. ಮಗು ತೆವಳುವುದು, ಅಂಬೆಗಾಲು, ನಡಿಗೆ ಎಂದು ಮೆಟ್ಟಿಲು ಮೆಟ್ಟಿಲಾಗಿ ಬೆಳೆಯುತ್ತದೆ. ಒಂದು ಮೆಟ್ಟಿಲು ತಪ್ಪಿದ್ದರೆ ಮೆದುಳಿನ ಜೋಡಣೆ ಕೆಟ್ಟಿರುತ್ತದೆ, ವಾಪಸ್ ಹೋಗಿ ಆ ಮೆಟ್ಟಿಲು ಹತ್ತಿಸಿದರೆ ಎಲ್ಲ ಸರಿಹೋಗುತ್ತದೆ, ಓದೂ ಬರುತ್ತದೆ. ಇದು ಅವರ ವಾದ. ತಾನೇ ತೆವಳಲು ಆಗದ ಮಗುವಿನ ತಲೆ, ಕೈ, ಕಾಲುಗಳನ್ನು ಹಲವರು ಹಿಡಿದು ತೆವಳುವ ಹಾಗೆ ಆಡಿಸಬೇಕು, ದಿನಕ್ಕೆ ಹಲವು ಸಲ, ವಾರವೆಲ್ಲ. ನೆರೆಹೊರೆಯವರೆಲ್ಲ ಸರದಿಯಲ್ಲಿ ಬಂದು ಹಿಡಿಯುತ್ತಿದ್ದರಂತೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 1968ರಲ್ಲಿ, 1982ರಲ್ಲಿ, ಮತ್ತೆ 1999ರಲ್ಲಿ ಇದಕ್ಕೆ ಆಧಾರವಿಲ್ಲ, ಮನೆಯವರ ಮೇಲೆ ಹೊರೆ ಮಾತ್ರ ದೊಡ್ಡದು ಎಂದು ಎಚ್ಚರಿಸಿತು. ಒಂದೇ ಮಾತನ್ನು ಮೂರು ಸಲ ಹೇಳಬೇಕಾಗಿ ಬಂತೆಂದರೆ ಜನ ಎಷ್ಟು ನಂಬಿದ್ದರು ನೋಡಿ.

ಅಂಬೆಗಾಲಿನ ಕಾಲ ಹೋಗಿ ಮೊಬೈಲ್ ಆಟಗಳ ಕಾಲ ಬಂತು. 2010ರಲ್ಲಿ ಕೇಂಬ್ರಿಜ್‌ನ ಏಡ್ರಿಯನ್ ಓವೆನ್ ಮತ್ತು ಜೊತೆಗಾರರು 11,430 ಜನರಿಗೆ ಆರು ವಾರ ಕಂಪ್ಯೂಟರ್‌ನಲ್ಲಿ ಮೆದುಳಿನ ಆಟ ಆಡಿಸಿದರು. ಆಡಿದ ಆಟದಲ್ಲಿ ಎಲ್ಲರೂ ಹುಷಾರಾದರು. ಆಡದ ಪರೀಕ್ಷೆ ಕೊಟ್ಟರೆ, ಅದು ಆಟವನ್ನೇ ಹೋಲುವಂತಿದ್ದರೂ, ಲಾಭ ಕಾಣಲಿಲ್ಲ. ಇವರು ಆರೋಗ್ಯವಾಗಿದ್ದವರು, ತಲೆಗೆ ಪೆಟ್ಟಾದವರಲ್ಲ. ಆ ವ್ಯತ್ಯಾಸ ನೆನಪಿಟ್ಟುಕೊಂಡೇ ಹೇಳುತ್ತಿದ್ದೇನೆ. 2016ರಲ್ಲಿ ಲ್ಯುಮಾಸಿಟಿ ಎಂಬ ಆಟದ ಕಂಪನಿ ಜಾಹೀರಾತಿನಲ್ಲಿ ಆಧಾರವಿಲ್ಲದ ಮಾತು ಹೇಳಿದೆ ಎಂಬ ಆರೋಪಕ್ಕೆ ಅಮೆರಿಕದ ವ್ಯಾಪಾರ ಆಯೋಗಕ್ಕೆ 20 ಲಕ್ಷ ಡಾಲರ್ ಕಟ್ಟಿ ರಾಜಿ ಮಾಡಿಕೊಂಡಿತು.

ಹಾಗಾದರೆ ನನಗೆ ಅರ್ಥವಾದದ್ದು ಇಷ್ಟು: ಯಾವುದನ್ನು ಮಾಡಿಸುತ್ತೀರೋ ಅದು ಸುಧಾರಿಸುತ್ತದೆ. ಅದಕ್ಕೆ ತೀರಾ ಹತ್ತಿರದ್ದು ಕೆಲವು ಸಲ ಸ್ವಲ್ಪ ಸುಧಾರಿಸುತ್ತದೆ. ದೂರದ್ದು ಸುಧಾರಿಸುತ್ತದೆ ಎಂಬುದು ಬಹಳ ಸಲ ಆಸೆ ಮಾತ್ರ. ಹಗ್ಗದ ಮೇಲೆ ನಡೆದರೆ ಹಗ್ಗದ ಮೇಲೆ ನಡೆಯಲು ಬರುತ್ತದೆ. ಕಾಳು ಆರಿಸಿದ್ದರಿಂದ ಚಿಕ್ಕಪ್ಪನಿಗೆ ಒಂದು ಕಡೆ ಕೂತು ಒಂದು ಕೆಲಸ ನೋಡುವುದು ಬಂತು. ಅಷ್ಟೂ ಬಾರದಿದ್ದರೆ ಕೊಬ್ಬರಿಯ ಮುಂದೆ ಕೂರುತ್ತಿರಲಿಲ್ಲ, ಅದನ್ನು ಒಪ್ಪುತ್ತೇನೆ. ಆದರೆ ಕಾಳಿನಲ್ಲೇ ನಿಂತಿದ್ದರೆ ಒಳ್ಳೆಯ ಕಾಳು ಆರಿಸುವವರಾಗಿ ಉಳಿಯುತ್ತಿದ್ದರು. 'ಮುಂಚೆ ಏನು ಕೆಲಸ ಮಾಡ್ತಿದ್ರು?' ಎಂದು ಕೇಳಿದ ಆ ಹುಡುಗಿಗೂ ಜಾಹೀರಾತಿನ ಸೆಂಟರಿಗೂ ಇರುವ ವ್ಯತ್ಯಾಸ ಅದೇ.

ಸೂರ್ಯನ ಮುಂದೆ ನಿಂತ ಹುಡುಗಿ

ಅಕ್ಕನ ಮಗಳು ಚೂಟಿ. ಒಮ್ಮೆ ಕೇಳಿದ ಕಥೆಯನ್ನು ಬಾಲ ಸೇರಿಸಿ ವಾಪಸ್ ಹೇಳುತ್ತಾಳೆ. ಕಾಗುಣಿತ ಹೇಳು ಎಂದರೆ ಕ ಕಾ ಕಿ ಕೀ ಎಂದು ನಿಲ್ಲದೆ ರೈಲು ಬಿಡುತ್ತಾಳೆ. ಅದರಿಂದಲೇ ಮೇಷ್ಟ್ರಿಗೆ ಎರಡು ವರ್ಷ ಗೊತ್ತಾಗಲಿಲ್ಲ. ಆ ಸಾಲಿನ ಮಧ್ಯದ 'ಕೊ' ಒಂದನ್ನೇ ತೋರಿಸಿದರೆ ಮೊದಲಿನಿಂದ ಬೆರಳು ಮಡಚುತ್ತಾ ಹೇಳಿಕೊಂಡು ಬರಬೇಕು. ರಾಗ ಬರುತ್ತದೆ, ಅಕ್ಷರ ಬರುವುದಿಲ್ಲ. ಒಂದು ಸಂಜೆ ನಾನು ಅವಳ ಪಕ್ಕ ಕೂತಿದ್ದೆ. ಪಾಠದಲ್ಲಿ 'ಸೂರ್ಯ' ಎಂಬ ಪದ ಬಂತು. 'ಸೂ...' ಎಂದಳು. ಆಮೇಲೆ 'ಯ'. ಆಮೇಲೆ ಅದರ ಪಕ್ಕದ ಅರ್ಕಾವತ್ತನ್ನು ನೋಡಿ 'ರ'. 'ಸೂಯರ.' ನನ್ನ ಮುಖ ನೋಡಿದಳು. ನಾನು ಏನೂ ಹೇಳಲಿಲ್ಲ. 'ಕಾರ್ಯ' ಎಂದು ಬರೆದು ತೋರಿಸಿದೆ. 'ಕಾಯರ.' 'ಮಾಮ, ಇದು ಏನೂ ಅರ್ಥ ಆಗಲ್ಲ' ಎಂದು ಪುಸ್ತಕ ಮುಚ್ಚಿದಳು. ಅವಳು ಹೇಳಿದ್ದು ಸರಿಯೇ. ಕಣ್ಣು ಹೋದ ಕ್ರಮದಲ್ಲಿ ಅವಳು ಓದಿದ್ದಳು. ಬರೆಯುವಾಗ ಕೊನೆಗೆ ಬಂದು ಓದುವಾಗ ಮುಂದೆ ನುಗ್ಗುವುದು ಆ ಚಿಹ್ನೆಯ ಸ್ವಭಾವ. ನಾವೆಲ್ಲ ಅದನ್ನು ಯಾವಾಗ ಕಲಿತೆವೋ ನೆನಪೇ ಇಲ್ಲ.

ಕನ್ನಡ ಬರೆದ ಹಾಗೇ ಓದುವ ಭಾಷೆ, ಡಿಸ್ಲೆಕ್ಸಿಯಾ ಎಲ್ಲ ಇಂಗ್ಲಿಷ್‌ನವರ ಕಾಯಿಲೆ ಎಂದು ಹೇಳುವವರು ಸಿಗುತ್ತಾರೆ. ಅರ್ಧ ನಿಜ. ಇಂಗ್ಲಿಷ್‌ನ ಹಾಗೆ ಉಚ್ಚಾರಣೆಯ ಗೊಂದಲ ನಮ್ಮಲ್ಲಿಲ್ಲ. ಆದರೆ ಕಲಿಯಬೇಕಾದ ಆಕಾರಗಳು ಎಷ್ಟು? ಮೂಲ ಅಕ್ಷರ 49 ಎನ್ನುತ್ತೇವೆ. ಕಾಗುಣಿತ ಸೇರಿಸಿದರೆ 400 ದಾಟುತ್ತದೆ, ಒತ್ತಕ್ಷರದ ಲೆಕ್ಕ ಬೇರೆ. ಬೆಂಗಳೂರಿನ ಪ್ರಾಮಿಸ್ ಫೌಂಡೇಶನ್‌ನ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಯಾವ ತೊಂದರೆಯೂ ಇಲ್ಲದ ಮಕ್ಕಳಿಗೇ ಕನ್ನಡದ ಎಲ್ಲ ಅಕ್ಷರ ಕೈಗೆ ಹತ್ತಲು ನಾಲ್ಕನೇ ಕ್ಲಾಸಿನವರೆಗೂ ಬೇಕಾಗುತ್ತದೆ. ಇಂಗ್ಲಿಷ್ ಮಕ್ಕಳ ಲೆಕ್ಕದಲ್ಲಿ ಮಾಡಿದ ಪಠ್ಯ, ವೇಗ, ಪರೀಕ್ಷೆ ಇಲ್ಲಿ ಹೊಂದುವುದಿಲ್ಲ. ನಮ್ಮ ಹುಡುಗಿಗೆ ದ, ಧ, ಥ ಮೂರೂ ಒಂದೇ. ಪ, ಫ, ಷ ಮೂರೂ ಅಣ್ಣತಮ್ಮಂದಿರು.

ಅವಳಿಗೆ ಕಲಿಸುವ ಟೀಚರ್ ವಾರದಲ್ಲಿ ಕೆಲವು ದಿನ ಬರುತ್ತಾರೆ. ಅವರ ವಿಧಾನದಲ್ಲಿ ಮ್ಯಾಜಿಕ್ ಇಲ್ಲ. ಒಂದೊಂದೇ ಅಕ್ಷರ, ಅದರ ಸದ್ದು, ಅದರ ಆಕಾರ. ಮರಳಿನ ಮೇಲೆ ಬೆರಳಲ್ಲಿ ಬರೆಯುತ್ತಾ ಬಾಯಲ್ಲಿ ಹೇಳುವುದು. ಕಾಗುಣಿತವನ್ನು ಸಾಲು ಬಿಟ್ಟು ಕಲಸಿ ಹಾಕುವುದು. ಅರ್ಕಾವತ್ತು ಬಂದರೆ ಕೆಂಪು ಪೆನ್ಸಿಲ್‌ನಲ್ಲಿ ಅದರಿಂದ ಹಿಂದಿನ ಅಕ್ಷರದ ತಲೆಯ ಮೇಲಕ್ಕೆ ಒಂದು ಬಾಣ. ಕಲಿತ ಅಕ್ಷರಗಳಷ್ಟನ್ನೇ ಬಳಸಿ ಟೀಚರೇ ಬರೆದ ಪುಟ್ಟ ಕಥೆಗಳು. ಅಮೆರಿಕದಲ್ಲಿ ಸ್ಯಾಮ್ಯುಯೆಲ್ ಆರ್ಟನ್ ಮತ್ತು ಆನಾ ಗಿಲಿಂಗ್‌ಹ್ಯಾಮ್ 1930ರ ದಶಕದಲ್ಲಿ ಶುರು ಮಾಡಿದ ಪದ್ಧತಿಯ ಮೊಮ್ಮಗು ಇದು. ಮರಳಿನ ಭಾಗ ನೋಡಿ ನಮ್ಮಜ್ಜಿಗೆ ಆಶ್ಚರ್ಯವೇ ಆಗಲಿಲ್ಲ, ಕೂಲಿಮಠದಲ್ಲಿ ಎಲ್ಲರೂ ಹಾಗೇ ಕಲಿತದ್ದು ಎಂದರು. ನನಗೆ ಅನಿಸುವುದು, ಇಲ್ಲಿ ಕೆಲಸ ಮಾಡುತ್ತಿರುವುದು ಮರಳಲ್ಲ, ಅಕ್ಷರ. 2000ನೇ ಇಸವಿಯಲ್ಲಿ ಅಮೆರಿಕದ ರಾಷ್ಟ್ರೀಯ ಓದು ಸಮಿತಿ ನೂರಾರು ಅಧ್ಯಯನ ಜರಡಿ ಹಿಡಿದಾಗಲೂ, ಮಕ್ಕಳಿಗೆ ಪದದೊಳಗಿನ ಸದ್ದುಗಳನ್ನು ಗುರುತಿಸಲು ಕಲಿಸುವಾಗ ಬರೀ ಬಾಯಲ್ಲಿ ಆಡಿಸುವುದಕ್ಕಿಂತ ಅಕ್ಷರ ಮುಂದಿಟ್ಟು ಕಲಿಸಿದರೆ ಲಾಭ ಜಾಸ್ತಿ ಎಂದು ಕಂಡಿತು. ಓದು ಬರಬೇಕಾದರೆ ಓದಿಸಬೇಕು. ನಿಧಾನಕ್ಕೆ, ಕ್ರಮವಾಗಿ, ಬೈಯದೆ.

ಬೈಯದೆ ಎಂಬುದೇ ಕಷ್ಟ. ಚಿಕ್ಕಪ್ಪನಿಗೆ ನೆಂಟರು ಅಂಟಿಸಿದ ಸೋಮಾರಿ ಎಂಬ ಪಟ್ಟ ಇವಳಿಗೂ ಶಾಲೆಯಲ್ಲಿ ಸಿಕ್ಕಿತ್ತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಪಟ್ಟಿಯಾದ 21 ತೊಂದರೆಗಳಲ್ಲಿ ಕಲಿಕೆಯ ತೊಂದರೆಯೂ ಸೇರಿದ ಮೇಲೆ ಸರ್ಟಿಫಿಕೇಟಿಗೆ ಒಂದು ತೂಕ ಬಂದಿದೆ. ಪರೀಕ್ಷೆಯಲ್ಲಿ ಗಂಟೆಗೆ 20 ನಿಮಿಷ ಹೆಚ್ಚು ಸಿಗುತ್ತದೆ, ಬರೆದುಕೊಡುವವರು ಸಿಗುತ್ತಾರೆ. ಇದು ಬೇಕೇ ಬೇಕು. ಆದರೆ ಇದರ ಇನ್ನೊಂದು ಮುಖವನ್ನೂ ನೋಡುತ್ತಿದ್ದೇನೆ. ಸರ್ಟಿಫಿಕೇಟ್ ಬಂದ ತಕ್ಷಣ ಕೆಲವು ಕಡೆ ಕಲಿಸುವುದೇ ನಿಂತುಹೋಗುತ್ತದೆ. ಅಕ್ಕನಿಗೂ ಒಬ್ಬರು 'ಪೇಪರ್ ಸಿಕ್ತಲ್ಲ, ಇನ್ಯಾಕೆ ಟ್ಯೂಷನ್ನು?' ಎಂದು ಕೇಳಿದರು. ಚಿಕ್ಕಪ್ಪನ ಮೊಬೈಲ್ ಅಲಾರಂ ಹೊಗಳಿದ ನಾನು ಇಲ್ಲಿ ಬೇರೆ ಮಾತು ಹೇಳಬೇಕು. ಐವತ್ತರ ನಂತರ ಹೋದ ನೆನಪಿಗೆ ಊರುಗೋಲು ಸಾಕಾಗಬಹುದು. ಒಂಬತ್ತು ವರ್ಷದ ಹುಡುಗಿಗೆ ಓದು ಇನ್ನೂ ಬರಬೇಕಿದೆ, ಅದು ಬರುತ್ತದೆ ಕೂಡ, ಬೇರೆಯವರಿಗಿಂತ ನಿಧಾನವಾಗಿ. ಹೆಚ್ಚುವರಿ ಸಮಯ ಕೊಡುವುದು ಅವಳು ಓದುತ್ತಾಳೆ ಎಂಬ ಕಾರಣಕ್ಕೆ. ಓದುವುದೇ ಬೇಡ ಎನ್ನುವುದಕ್ಕಲ್ಲ.

ಯಾರು ಕೂರುವುದು?

ಮಾವನಿಗೆ ಕೊನೆಗೆ ಫೋನ್ ಮಾಡಿದೆ. 'ಆ ಸೆಂಟರಿನವರನ್ನ ಒಂದೇ ಪ್ರಶ್ನೆ ಕೇಳಿ ಮಾವ. ಮೂರು ತಿಂಗಳಾದ ಮೇಲೆ ಚಿಕ್ಕಪ್ಪನಿಗೆ ಯಾವ ಕೆಲಸ ಬರುತ್ತೆ, ಮಗುಗೆ ಯಾವ ಪುಟ ಓದೋಕೆ ಬರುತ್ತೆ ಅಂತ' ಎಂದೆ. ಅವರು ಕೇಳಿದರು, ಪಾಪ. 'ಒಟ್ಟಾರೆ ಸುಧಾರಣೆ ಕಾಣುತ್ತೆ ಅಂದ್ರು ಕಣಪ್ಪ' ಎಂದು ವರದಿ ಕೊಟ್ಟರು. ಯಾವ ಕೆಲಸ, ಯಾವ ಪುಟ ಎನ್ನುವುದಕ್ಕೆ ಉತ್ತರ ಬರಲಿಲ್ಲ. ಆ ವಿಷಯ ಅಲ್ಲಿಗೆ ಮುಗಿಯಿತು.

ಆದರೆ ಜನ ಅಂಥ ಜಾಹೀರಾತಿಗೆ ಯಾಕೆ ಮರುಳಾಗುತ್ತಾರೆ ಎಂಬುದೂ ನನಗೆ ಗೊತ್ತು. ಅಲ್ಲಿಗೆ ಕರೆದುಕೊಂಡು ಹೋಗಿ ಬಿಟ್ಟರೆ ಒಂದು ಗಂಟೆ ಬೇರೆ ಯಾರೋ ನೋಡಿಕೊಳ್ಳುತ್ತಾರೆ. ಮನೆಯ ಅಭ್ಯಾಸದಲ್ಲಿ ಆ ಯಾರೋ ಎಂಬುವರು ಇರುವುದಿಲ್ಲ. ಕಾಳು ಬೆರೆಸುವುದು, ಹೊತ್ತು ಬರೆಯುವುದು, ಬೈಸಿಕೊಳ್ಳುವುದು, ತಕ್ಕಡಿಯ ಪಕ್ಕ ನಿಲ್ಲುವುದು ಎಲ್ಲ ಚಿಕ್ಕಮ್ಮ. ಬಟ್ಟೆ ಹೊಲಿಯುತ್ತಿದ್ದರು, ಅದು ನಿಂತಿದೆ. ತವರಿಗೆ ಹೋಗಿ ರಾತ್ರಿ ಉಳಿದು ಬರುವುದು ಅಪಘಾತದ ನಂತರ ಆಗಿಲ್ಲ. ಅಕ್ಕನದೂ ಅದೇ ಪಾಡು, ಆಫೀಸಿನಿಂದ ಬಂದು ಕೆಂಪು ಪೆನ್ಸಿಲ್ ಹಿಡಿಯುತ್ತಾಳೆ. ಥೆರಪಿ ಅಗ್ಗ ಎಂದು ನಾನು ಮೇಲೆ ಹೊಗಳಿದ್ದರಲ್ಲಿ ಇವರ ಹೊತ್ತಿನ ಬೆಲೆ ಸೇರಿಲ್ಲ. ರಾಜ್ಯ ಸರ್ಕಾರ ಮತ್ತು ನಿಮ್ಹಾನ್ಸ್ ಸೇರಿ ನಡೆಸುವ ಬ್ರೈನ್ ಹೆಲ್ತ್ ಯೋಜನೆ ಕೆಲವು ವರ್ಷಗಳಿಂದ ಜಿಲ್ಲಾ ಆಸ್ಪತ್ರೆಗಳ ಕಡೆ ಬಂದಿದೆ, ಒಳ್ಳೆಯದೇ. ಆದರೆ ಜಿಲ್ಲೆಯ ತನಕ ಬಂದದ್ದು ಹಿತ್ತಲಿನ ತನಕ ಬರಬೇಕಲ್ಲ.

ಚಿಕ್ಕಮ್ಮನನ್ನು 'ಏನು ಬೇಕು ಹೇಳಿ' ಎಂದು ಕೇಳಿದೆ. ಹೊಸ ಔಷಧಿ, ದೊಡ್ಡ ಡಾಕ್ಟರು ಎನ್ನುತ್ತಾರೆಂದು ಕಾದಿದ್ದೆ. 'ಬೆಳಿಗ್ಗೆ ಎರಡು ಗಂಟೆ ಹೊತ್ತು ಇವರ ಜೊತೆ ಮಂಡಿಯಲ್ಲಿ ಕೂರೋಕೆ ಒಬ್ಬ ಹುಡುಗ ಬೇಕು' ಎಂದರು. ಹಾಗಾಗಿ ಇದನ್ನು ಓದುವವರಲ್ಲಿ ತಿಪಟೂರು, ಅರಸೀಕೆರೆ ಕಡೆಯವರು ಯಾರಾದರೂ ಇದ್ದರೆ ತಿಳಿಸಿ. ಸಂಬಳ ಕೊಡುತ್ತಾರೆ, ಕಾಫಿ ತಿಂಡಿ ಅವರದೇ. ಗೋಡೆಯ ಮೇಲಿನ ಹಾಳೆ ತೋರಿಸುವಷ್ಟು ತಾಳ್ಮೆ ಇರಬೇಕು, ಬಂದ ಕೂಡಲೇ ತನ್ನ ಹೆಸರು ಹೇಳಬೇಕು. ಕೊಬ್ಬರಿ ವ್ಯಾಪಾರ ಗೊತ್ತಿರಬೇಕೆಂದೇನೂ ಇಲ್ಲ, ಅದನ್ನು ಚಿಕ್ಕಪ್ಪನೇ ಕಲಿಸುತ್ತಾರೆ.